ಇಸ್ತ್ರಿಯಕ್ಕ ಹೆಣವಾದದ್ದು

ಇಸ್ತ್ರಿಯಕ್ಕನಿಗೆ ಕೂರುವುದಕ್ಕೇ ಬರುವುದಿಲ್ಲ ಎಂದು ಆ ಊರಿನ ಜನ ನಂಬಿಕೊಂಡಿದ್ದರು. ಮಾರುಕಟ್ಟೆ ಬೀದಿಯ ತಿರುವಿನಲ್ಲಿ, ಬೀಗದ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ, ಒಂದು ಬಾಗಿಲಿನಷ್ಟು ಅಗಲದ ಜಾಗವೇ ಅವಳ ಅಂಗಡಿ. ಒಳಗೆ ಒಂದು ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ, ಗೋಡೆಯುದ್ದಕ್ಕೂ ಮೊಳೆಗಳು. ಕುರ್ಚಿ ಇಟ್ಟರೆ ಅವಳು ಬೀದಿಗೆ ಬಂದು ನಿಲ್ಲಬೇಕು. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ನಿಂತವಳು ಸಂಜೆ ಆರರವರೆಗೂ ನಿಂತೇ ಇರುತ್ತಿದ್ದಳು. ಮೇಷ್ಟ್ರುಗಳ ಅಂಗಿ, ಬಸ್ಸಿನವರ ಪ್ಯಾಂಟು, ಆಸ್ಪತ್ರೆಯ ಬಿಳಿ ಕೋಟು, ಹೀಗೆ ಊರಿನ ಅರ್ಧ ಮರ್ಯಾದೆ ಅವಳ ಕೈಯಲ್ಲೇ ಮಡಿಕೆಯಾಗಿ ಹೋಗುತ್ತಿತ್ತು.

ಮನೆಗೆ ಹೋದರೆ ಅಲ್ಲಿ ಅತ್ತೆ. ಅತ್ತೆಗೆ ಮೊಣಕಾಲು. ಮೊಣಕಾಲು ಎಲ್ಲರಿಗೂ ಇರುತ್ತದೆ, ನಿಜ. ಆದರೆ ಹತ್ತು ವರ್ಷದ ಹಿಂದೆ ಡಾಕ್ಟರೊಬ್ಬರು ಅತ್ತೆಯ ಮೊಣಕಾಲು ಮುಟ್ಟಿ ನೋಡಿ, ‘ಸ್ವಲ್ಪ ಜೋಪಾನ ಅಮ್ಮ’ ಎಂದಿದ್ದರು. ಆ ಮಾತನ್ನು ಅತ್ತೆ ಅಕ್ಷರಶಃ ಪಾಲಿಸಿಕೊಂಡು ಬಂದಿದ್ದರು. ಮುಂದಿನ ಕೋಣೆಯಲ್ಲಿ ಟಿವಿಯ ಎದುರಿಗೆ ಕೈಯಿರುವ ಕುರ್ಚಿ ಹಾಕಿಸಿಕೊಂಡು ಕೂತವರು, ತೀರಾ ಅನಿವಾರ್ಯವಾದ ಕೆಲಸಗಳಿಗೆ ಬಿಟ್ಟರೆ ಏಳುತ್ತಿರಲಿಲ್ಲ. ‘ಏ ಹುಡುಗೀ, ಕಿಟಕಿ ತೆಗಿ.’ ‘ಏ ಹುಡುಗೀ, ಕಿಟಕಿ ಹಾಕು.’ ‘ಏ ಹುಡುಗೀ, ಕನ್ನಡಕ.’ ಹುಡುಗಿಗೆ ಆಗಲೇ ನಲವತ್ತೆಂಟು. ಕರೆದಾಗ ಒಂದೇ ಕರೆಗೆ ಬರುತ್ತಿದ್ದಳು. ಎರಡು ಕರೆಗಳ ನಡುವೆ ಸಿಗುವ ಹತ್ತು ಹದಿನೈದು ನಿಮಿಷದಲ್ಲೇ ಗೋಡೆಗೊರಗಿ ನಿದ್ದೆ ಮಾಡುವುದನ್ನು ಅವಳು ಕಲಿತಿದ್ದಳು.

ಗಂಡ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಕೂಗುವವನು. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೂರು ಬೀದಿ ಕೇಳುವಂತೆ ಹೇಳುತ್ತಿದ್ದ ಆ ಮನುಷ್ಯ ಮನೆಯ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಅತ್ತ ಅಮ್ಮ, ಇತ್ತ ಹೆಂಡತಿ. ಯಾರ ಪರ ಮಾತಾಡಿದರೂ ಕಷ್ಟ.

ಹೀಗಿರುವಾಗ ಊರಿಗೆ ಟಿವಿಯವರು ಬಂದರು.

ಎರಡು ವ್ಯಾನು, ಒಂದು ಲಾರಿ, ಇಪ್ಪತ್ತು ಜನ. ‘ಸೊನ್ನೆ ತೂಕ’ ಎಂಬ ಸೀರಿಯಲ್ಲು. ಕಥೆ ಏನೆಂದರೆ, ಒಂದು ಸಣ್ಣ ಊರಿನ ಧಾನ್ಯದ ಮಂಡಿಯಲ್ಲಿ, ಮೂಟೆ ತೂಗುವ ಯಂತ್ರದ ಹಲಗೆಯ ಮೇಲೆ ಬೆಳ್ಳಂಬೆಳಿಗ್ಗೆ ಒಬ್ಬ ಹೆಂಗಸಿನ ಹೆಣ ಸಿಗುತ್ತದೆ. ಮೈಮೇಲೆ ಗಾಯವಿಲ್ಲ, ಕಲೆಯಿಲ್ಲ. ಆದರೆ ಯಂತ್ರದ ಮುಳ್ಳು ಸೊನ್ನೆಯಲ್ಲೇ ನಿಂತಿದೆ. ಹೆಣಕ್ಕೆ ತೂಕವೇ ಇಲ್ಲ. ಕೊಂದವರು ಯಾರು, ತೂಕ ಎಲ್ಲಿ ಹೋಯಿತು, ಇದು ಮನುಷ್ಯರ ಕೆಲಸವೋ ಮತ್ತೊಂದರದೋ, ಇದೇ ಮುಂದಿನ ಕಂತುಗಳ ಹೂರಣ. ಮಂಡಿಯ ತೂಕದ ಗುಮಾಸ್ತ ಮಾತ್ರ ಮೊದಲ ದಿನವೇ ಕೆರಳಿ ನಿಂತ. ‘ಇಪ್ಪತ್ತೆರಡು ವರ್ಷದಿಂದ ಈ ಯಂತ್ರ ಒಂದು ಹಿಡಿ ಕಾಳು ಸುಳ್ಳು ಹೇಳಿಲ್ಲ. ನೀವು ಬಂದು ಅದರ ಮಾನ ಕಳೀತೀರಾ?’ ಎಂದು ಹಲಗೆಯ ಮೇಲೆ ತಾನೇ ಹತ್ತಿ ನಿಂತು, ತನ್ನ ತೂಕ ಎಲ್ಲರಿಗೂ ತೋರಿಸಿದ. ಆಮೇಲೆ, ಟಿವಿಯಲ್ಲಿ ತನ್ನ ಮುಖವೂ ಬರುತ್ತದೆ ಎಂದು ತಿಳಿದ ಮೇಲೆ, ಮುಳ್ಳು ಸೊನ್ನೆಯಲ್ಲೇ ನಿಲ್ಲಲೆಂದು ಅದರ ಸರಳನ್ನು ಬಿಚ್ಚಿಕೊಟ್ಟವನೂ ಅವನೇ.

ಹೆಣದ ಪಾತ್ರಕ್ಕೆ ಪಟ್ಟಣದಿಂದ ಒಬ್ಬಳು ನಟಿ ಬಂದಿದ್ದಳು. ನೋಡಲು ಚೆನ್ನಾಗಿದ್ದಳು, ಆದರೆ ಮಂಡಿಯ ಧೂಳಿಗೆ ಸೀನು ತಡೆಯಲಾಗುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಪಾತ್ರದವನು ಟೋಪಿ ತೆಗೆದು ತಲೆ ತಗ್ಗಿಸುವಷ್ಟರಲ್ಲಿ ಹೆಣ ಸೀನುತ್ತಿತ್ತು. ಹನ್ನೊಂದು ಸಲ ಹಾಗಾಯಿತು. ಹನ್ನೆರಡನೇ ಸಲ ಒಂದು ನೊಣ ಮೂಗಿನ ಮೇಲೆ ಕೂತಿತು. ನಟಿ ಎದ್ದು, ‘ಈ ಊರಲ್ಲಿ ನಿಜವಾಗಿ ಸತ್ತರೂ ನಾನು ಮಲಗಲ್ಲ’ ಎಂದು ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೊರಟೇ ಹೋದಳು.

ನಿರ್ದೇಶಕ ತಲೆಯ ಮೇಲೆ ಕೈಹೊತ್ತು ಕೂತ. ಅದೇ ಹೊತ್ತಿಗೆ ಇಸ್ತ್ರಿಯಕ್ಕ ಪಾತ್ರಧಾರಿಗಳ ಬಟ್ಟೆಯ ಗಂಟು ಹೊತ್ತುಕೊಂಡು ಮಂಡಿಗೆ ಬಂದಿದ್ದಳು. ‘ಐದು ನಿಮಿಷ ಇರಮ್ಮ’ ಎಂದು ಯಾರೋ ಹೇಳಿದರು. ಐದು ನಿಮಿಷ ಎಂದರೆ ಅವಳ ಪಾಲಿಗೆ ಆಸ್ತಿ. ಮೂಟೆಗಳ ಮೇಲೆ ಒರಗಿದಳು, ಅಷ್ಟೇ. ಕ್ಯಾಮೆರಾದವನು ಸುಮ್ಮನೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದವನು ಗಕ್ಕನೆ ನಿಂತ.

‘ಸಾರ್, ಅಲ್ಲೊಂದು ಹೆಣ ಇದೆ.’

ನಿರ್ದೇಶಕ ಓಡಿ ಬಂದು ಕಣ್ಣಿಟ್ಟು ನೋಡಿದ. ನೊಣ ಇಸ್ತ್ರಿಯಕ್ಕನ ಹಣೆಯಿಂದ ಹೊರಟು, ಮೂಗಿನ ಏಣಿ ಇಳಿದು, ತುಟಿ ಸುತ್ತಿ, ಕಿವಿಯವರೆಗೆ ನಡೆದು ಹೋಯಿತು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಅವಳನ್ನು ಎಬ್ಬಿಸಿ ವಿಷಯ ಹೇಳಿದಾಗ ಅವಳಿಗೆ ಮೊದಲು ಬಂದದ್ದು ಗಾಬರಿ. ‘ಸ್ವಾಮಿ, ನನಗೆ ಆ್ಯಕ್ಟಿಂಗೆಲ್ಲ ಬರಲ್ಲ. ಏನು ಮಾಡ್ಬೇಕು ಅಂತಾನೇ ಗೊತ್ತಿಲ್ಲ.’

‘ಏನೂ ಮಾಡ್ಬಾರದು’ ಎಂದ ನಿರ್ದೇಶಕ.

‘ಅಂದ್ರೆ?’

‘ಮಲಗ್ಬೇಕು. ಯಾರು ಕರೆದ್ರೂ ಏಳ್ಬಾರದು.’

ಇಸ್ತ್ರಿಯಕ್ಕ ಅವನ ಮುಖವನ್ನೇ ನೋಡುತ್ತ ನಿಂತಳು. ಹುಟ್ಟಿದಾಗಿನಿಂದ ಇಂಥ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ‘ಎಷ್ಟು ದಿನ?’ ಎಂದು ಕೇಳಿದಳು.

ಒಂಬತ್ತು ದಿನ. ಆ ಒಂಬತ್ತು ದಿನ ಅಂಗಡಿಯ ಬಾಗಿಲಿಗೆ ‘ಹೆಣದ ಕೆಲಸಕ್ಕೆ ಹೋಗಿದ್ದೇನೆ’ ಎಂದು ಬರೆದ ರಟ್ಟು ತೂಗುತ್ತಿತ್ತು. ಔಷಧಿ ಅಂಗಡಿಯವನು ಅದನ್ನು ಓದಿದ ಪ್ರತಿಯೊಬ್ಬರಿಗೂ ವಿವರಿಸಿ ವಿವರಿಸಿ ಸೋತ. ಮನೆಯಲ್ಲಿ ಅತ್ತೆ ಮುಖ ಊದಿಸಿಕೊಂಡರು. ‘ಬದುಕಿದ್ದೋರ್ನ ನೋಡ್ಕೊಳ್ಳೋದು ಬಿಟ್ಟು ಹೆಣ ಆಗೋಕೆ ಹೋಗ್ತಾಳಂತೆ’ ಎಂದರು. ಆದರೆ ಸಂಜೆ ಅವಳು ಬಂದ ಕೂಡಲೇ, ‘ಕೊಂದೋರು ಯಾರಂತೆ?’ ಎಂದು ಕೇಳದೆ ಬಿಡುತ್ತಿರಲಿಲ್ಲ.

ಇಸ್ತ್ರಿಯಕ್ಕನಿಗೆ ಅದೊಂದು ಹೊಸ ಲೋಕ. ಹಲಗೆ ಗಟ್ಟಿಯಾಗಿತ್ತು, ಬಿಸಿಲು ಸೀಳಿಕೊಂಡು ಬರುತ್ತಿತ್ತು, ಆದರೂ ಅವಳಿಗೆ ಅದು ಸುಪ್ಪತ್ತಿಗೆ. ಕಣ್ಣು ಮುಚ್ಚಿದರೆ ಸುತ್ತ ಇಪ್ಪತ್ತು ಜನ ಓಡಾಡುವ ಸದ್ದು. ಆ ಸದ್ದಿನಲ್ಲಿ ಒಂದೂ ಅವಳಿಗೆ ಸಂಬಂಧಪಟ್ಟದ್ದಲ್ಲ. ನಾಲ್ಕನೇ ದಿನದ ಹೊತ್ತಿಗೆ ನಿದ್ದೆಯ ಹಳೆಯ ಬಾಕಿಯೆಲ್ಲ ತೀರಿ, ಮಲಗಿದಲ್ಲೇ ಎಚ್ಚರವಾಗಿರಲು ಶುರುವಾಯಿತು. ತೊಂದರೆ ಬಂದದ್ದು ಅಲ್ಲಿಂದ.

ಇನ್ಸ್‌ಪೆಕ್ಟರ್ ಪಾತ್ರದವನಿಗೆ ಆರಡಿ ಎತ್ತರ, ಗಿರಿಜಾ ಮೀಸೆ, ಎಲ್ಲಾ ಇತ್ತು. ಜ್ಞಾಪಕಶಕ್ತಿ ಮಾತ್ರ ಎಳ್ಳಷ್ಟೂ ಇರಲಿಲ್ಲ. ಹೆಣದ ಪಕ್ಕ ಮಂಡಿಯೂರಿ, ‘ಮೈಮೇಲೆ ಗಾಯ ಇಲ್ಲ. ಒಳಗೆ ಬಂದವರು ಬೀಗ ಒಡೆದಿಲ್ಲ...’ ಎನ್ನುವಷ್ಟರಲ್ಲಿ ಅವನ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಮುಂದಿನ ಮಾತು ಬರುತ್ತಿರಲಿಲ್ಲ. ಆರು ಸಲ ಬರಲಿಲ್ಲ. ಏಳನೇ ಸಲ ಇಸ್ತ್ರಿಯಕ್ಕನಿಗೆ ತಡೆಯಲಾಗಲಿಲ್ಲ. ತುಟಿ ಅಲುಗಿಸದೆ, ಉಸಿರಿನಲ್ಲೇ ಹೇಳಿಕೊಟ್ಟಳು: ‘ಬಾಗಿಲು ತೆರೆದೇ ಇತ್ತು.’

‘ಬಾಗಿಲು ತೆರೆದೇ ಇತ್ತು!’ ಎಂದು ಇನ್ಸ್‌ಪೆಕ್ಟರ್ ಗುಡುಗಿದ. ತನಗೇ ನೆನಪಾಯಿತು ಎಂದುಕೊಂಡನೇ ಹೊರತು, ಹೆಣ ಹೇಳಿಕೊಟ್ಟಿತೆಂದು ಅವನಿಗೆ ಹೊಳೆಯಲೇ ಇಲ್ಲ.

ಆ ದನಿ ಕೇಳಿಸಿದ್ದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ ಶಬ್ದದವನಿಗೆ. ಎಲ್ಲರಿಗೂ ಕೇಳುವುದು ಒಂದು, ಅವನಿಗೆ ಕೇಳುವುದು ಇನ್ನೊಂದು. ಹೆಣದ ಹತ್ತಿರದ ಮೈಕಿನಿಂದ ತಣ್ಣನೆಯ ದನಿಯೊಂದು ನೇರವಾಗಿ ಅವನ ತಲೆಯೊಳಗೆ ಇಳಿದಿತ್ತು. ಅವನು ಬಿಳಿಚಿಕೊಂಡು ಎದ್ದು, ಹೆಡ್‌ಫೋನನ್ನು ಹಾವಿನಂತೆ ಕಿತ್ತೆಸೆದು ಕಾಲಿಗೆ ಬುದ್ಧಿ ಹೇಳಿದ. ವ್ಯಾನಿನೊಳಗೆ ಕೂತು ಗಾಜು ಏರಿಸಿಕೊಂಡವನು ಸಂಜೆಯವರೆಗೂ ಇಳಿಯಲಿಲ್ಲ. ‘ಈ ಮಂಡಿಯಲ್ಲಿ ಏನೋ ಇದೆ’ ಎಂದಷ್ಟೇ ಹೇಳುತ್ತಿದ್ದ.

ಮಂಡಿಯಲ್ಲಿ ಇದ್ದವಳು ತಾನೇ ಎಂದು ಹೇಳಿಬಿಡಬೇಕೆಂದು ಇಸ್ತ್ರಿಯಕ್ಕ ಎರಡು ಸಲ ಬಾಯಿ ತೆಗೆದಳು. ಹೇಳಿದರೆ, ಹೆಣ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಕಳಿಸಿಬಿಟ್ಟರೆ? ಇನ್ನೂ ಐದು ದಿನ ಬಾಕಿ ಇತ್ತು. ಬಾಯಿ ಮುಚ್ಚಿಕೊಂಡಳು. ನಿರ್ದೇಶಕ ಆ ದನಿಯನ್ನು ಮತ್ತೆ ಮತ್ತೆ ಕೇಳಿ, ಮೈ ಜುಮ್ಮೆನಿಸಿಕೊಂಡು, ಹಾಗೆಯೇ ಸೀರಿಯಲ್ಲಿಗೆ ಸೇರಿಸಿದ.

ಮೊದಲ ಕಂತು ಬಂದ ದಿನ ರಾತ್ರಿ ಎಂಟಕ್ಕೆ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅತ್ತೆ ಕನ್ನಡಕ ಒರೆಸಿಕೊಂಡು ಸಿದ್ಧರಾಗಿದ್ದರು. ಗಂಡ ಗೋಡೆಯ ಹತ್ತಿರ. ಇಸ್ತ್ರಿಯಕ್ಕ ಅಡುಗೆಮನೆಯ ಬಾಗಿಲಲ್ಲಿ, ಎಂದಿನಂತೆ ನಿಂತು. ಪರದೆಯ ಮೇಲೆ ಮಂಡಿ ಕಂಡಿತು, ಮೂಟೆ ಕಂಡವು, ಹಲಗೆಯ ಮೇಲೆ ಅವಳು ಕಂಡಳು. ಬೆಳಕು ಹೇಗೆ ಬಿಟ್ಟಿದ್ದರೋ ಏನೋ, ಮುಖ ತೊಳೆದಿಟ್ಟಂತೆ ಶಾಂತವಾಗಿತ್ತು. ನಾನು ಇಷ್ಟು ಚೆನ್ನಾಗಿದ್ದೀನಾ ಎಂದು ಅವಳು ಯೋಚಿಸುತ್ತಿರುವಾಗಲೇ ಗೊಳೋ ಎಂದು ಅಳುವ ಸದ್ದು ಕೇಳಿಸಿತು.

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದರು. ‘ಅಯ್ಯೋ, ಎಂಥಾ ಸೊಸೆ! ಚಿನ್ನದಂಥವಳು! ಒಂದು ದಿನ ಎದುರು ಮಾತಾಡ್ಲಿಲ್ಲ. ಕರೆದ್ರೆ ಓಡಿ ಬರ್ತಿದ್ಲು. ಹಿಂಗೆ ಮಲಗಿಬಿಟ್ಯಲ್ಲೇ!’

ಇಸ್ತ್ರಿಯಕ್ಕ ದಿಗಿಲಾಗಿ ಹತ್ತಿರ ಹೋದಳು. ‘ಅತ್ತೆ, ನಾನು ಇಲ್ಲೇ ಇದೀನಿ.’

‘ನೀನು ಸುಮ್ನಿರು, ಮಧ್ಯೆ ಮಾತಾಡ್ಬೇಡ’ ಎಂದು ಅತ್ತೆ ಕಣ್ಣೊರೆಸಿಕೊಂಡರು. ‘ಅಳ್ತಿರೋದು ಕಾಣಲ್ವಾ? ಸ್ವಲ್ಪ ಪಕ್ಕಕ್ಕೆ ಸರಿ, ಹೆಣ ಕಾಣಿಸ್ತಿಲ್ಲ.’

ಅವಳು ಸರಿದು ನಿಂತಳು. ಮೂವತ್ತು ವರ್ಷದ ಸಂಸಾರದಲ್ಲಿ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಲು ಸಾಯಬೇಕಾಯಿತಲ್ಲ ಎಂದು ನಗು ಬಂತು. ನಿಂತಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು.

ಆ ಪಿಸುಮಾತು ಊರನ್ನು ಹಿಡಿದುಕೊಂಡಿತು. ‘ಬಾಗಿಲು ತೆರೆದೇ ಇತ್ತು’ ಎಂದು ಹೆಣವೇ ಹೇಳಿದ ಮೇಲೆ, ತೆರೆದಿಟ್ಟವರು ಯಾರು? ತಿಂಡಿ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಅದೇ ಮಾತು. ಬೀಗದ ಅಂಗಡಿಯವನು ಒಂದೇ ವಾರದಲ್ಲಿ ಇದ್ದಬದ್ದ ಬೀಗವನ್ನೆಲ್ಲ ಮಾರಿದ. ನೋಡನೋಡುತ್ತ ಸಂಶಯ ಗಂಡನ ಮೇಲೆ ತಿರುಗಿತು. ಹೆಂಗಸು ಸತ್ತರೆ ಮೊದಲು ನೋಡಬೇಕಾದ್ದು ಗಂಡನನ್ನು ಎಂದು ಸೀರಿಯಲ್ಲಿನ ಇನ್ಸ್‌ಪೆಕ್ಟರೇ ಹೇಳಿದ್ದ. ಸೀರಿಯಲ್ಲಿನಲ್ಲಿ ಗಂಡನ ಪಾತ್ರವೇ ಇರಲಿಲ್ಲ. ಜನ ಇದ್ದ ಗಂಡನನ್ನೇ ಹಿಡಿದುಕೊಂಡರು. ಬಸ್ ನಿಲ್ದಾಣದ ಕಿಂಡಿಯಲ್ಲಿ ಮುಖ ತೂರಿಸಿ ಒಬ್ಬಾಕೆ ಕೇಳಿಯೇಬಿಟ್ಟಳು: ‘ಅಲ್ಲಪ್ಪಾ, ಅಷ್ಟು ಒಳ್ಳೆಯವಳನ್ನ ಯಾಕೆ ಕೊಂದೆ?’

ಅವನು ಪೆಚ್ಚುಪೆಚ್ಚಾಗಿ, ‘ನನಗೆ ಇನ್ನೂ ಹೇಳಿಲ್ಲಮ್ಮ ಟಿವಿಯವರು’ ಎಂದ.

ಮೈಕು ಆನ್ ಆಗಿತ್ತು. ಮೂರು ಬೀದಿಗೂ ಕೇಳಿಸಿತು.

ತಿಂಗಳು ಕಳೆಯುವಷ್ಟರಲ್ಲಿ ನಿರ್ದೇಶಕ ಮತ್ತೆ ಬಂದ. ಈ ಸಲ ಸೀದಾ ಮನೆಗೇ. ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಒಂದು ನೋಟ್‌ಬುಕ್ಕು. ವಿಷಯ ಏನೆಂದರೆ, ಕೊಲೆಗಾರ ಯಾರೆಂದು ಅವನಿಗೂ ಗೊತ್ತಿರಲಿಲ್ಲ. ಬರೆಯುತ್ತ ಹೋದರೆ ಹೊಳೆಯುತ್ತದೆ ಎಂದುಕೊಂಡಿದ್ದ, ಹೊಳೆದಿರಲಿಲ್ಲ. ನೋಡುವವರಿಗೋ ಹೆಣವೇ ಅಚ್ಚುಮೆಚ್ಚಾಗಿತ್ತು. ‘ಅಮ್ಮಾ, ನೀವು ದೆವ್ವ ಆಗಿ ಬರ್ಬೇಕು’ ಎಂದು ಕೈಮುಗಿದ.

‘ದೆವ್ವಕ್ಕೆ ಕೆಲಸ ಏನು?’

‘ಓಡಾಡ್ಬೇಕು. ಅಟ್ಟ ಹತ್ತಬೇಕು. ಕಿರುಚ್ಬೇಕು. ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಪ್ರತ್ಯಕ್ಷ ಆಗ್ಬೇಕು.’

‘ಮಲಗೋಕೆ ಇಲ್ವಾ?’

‘ದೆವ್ವ ಎಲ್ಲಾದ್ರೂ ಮಲಗುತ್ತಾ ಅಮ್ಮ? ಅದಕ್ಕೆ ನೆಮ್ಮದಿ ಇರಲ್ಲ.’

ಇಸ್ತ್ರಿಯಕ್ಕ ಯೋಚಿಸಬೇಕಾಗಿಯೇ ಬರಲಿಲ್ಲ. ‘ಕರೆದಾಗ ಪ್ರತ್ಯಕ್ಷ ಆಗೋ ಕೆಲಸ ನಾನು ಈಗ್ಲೇ ಮಾಡ್ತಿದೀನಿ ಸ್ವಾಮಿ. ಹೆಣ ಬೇಕಾದ್ರೆ ಹೇಳಿ, ಬರ್ತೀನಿ. ದೆವ್ವ ನನ್ನ ಕೈಲಾಗಲ್ಲ.’

ನಿರ್ದೇಶಕ ಗೋಗರೆದ. ಗಂಡ ಇಬ್ಬರ ಮುಖವನ್ನೂ ನೋಡಿ ನೆಲ ನೋಡಿದ. ಆಗ ಕುರ್ಚಿಯಿಂದ ಒಂದು ಕೆಮ್ಮು ಕೇಳಿಸಿತು.

‘ದೆವ್ವಕ್ಕೆ ವಯಸ್ಸಿನ ಕಟ್ಟಳೆ ಏನಾದ್ರೂ ಇದೆಯಾ?’ ಎಂದರು ಅತ್ತೆ.

‘ಏನಿಲ್ಲಮ್ಮ.’

‘ಮೊಣಕಾಲು?’

‘ದೆವ್ವಕ್ಕೆ ಕಾಲೇ ಇರಲ್ಲ ಅಂತಾರೆ.’

‘ಹಾಗಾದ್ರೆ ಸರಿ’ ಎಂದು ಅತ್ತೆ ಎದ್ದರು. ಕೈಯೂರದೆ, ಉಸ್ಸೆನ್ನದೆ, ಒಂದೇ ಸಲಕ್ಕೆ ಎದ್ದು, ನಾಲ್ಕು ಹೆಜ್ಜೆ ಹಾಕಿ ನಿರ್ದೇಶಕನ ಎದುರು ನಿಂತರು. ಗಂಡನ ಬಾಯಿ ತೆರೆದುಕೊಂಡದ್ದು ಮುಚ್ಚಲೇ ಇಲ್ಲ. ‘ಕಥೆ ನಾನು ಹೇಳ್ತೀನಿ, ಬರ್ಕೋ. ಕೊಂದೋಳು ಅತ್ತೆ.’

‘ಅತ್ತೆಯಾ? ಕಥೇಲಿ ಅತ್ತೆ ಸತ್ತು ಹತ್ತು ವರ್ಷ ಆಯ್ತಲ್ಲಮ್ಮ!’

‘ಅದಕ್ಕೇ ಹೇಳ್ತಿರೋದು. ಅಲ್ಲಿ ಅವಳಿಗೆ ಯಾರಿದಾರೆ? ಕಿಟಕಿ ತೆಗೆಯೋರಿಲ್ಲ, ಹಾಕೋರಿಲ್ಲ. ಬೇಜಾರಾಯ್ತು. ಒಂದಿನ ಬಂದ್ಲು, ಬಾಗಿಲು ತೆರೆದ್ಲು, ಏ ಹುಡುಗೀ ಅಂತ ಕರೆದ್ಲು. ಕರೆದ ತಕ್ಷಣ ಎದ್ದು ಬರೋ ಅಭ್ಯಾಸ ಈ ಪುಣ್ಯಾತ್ಗಿತ್ತಿಗೆ. ಮೈನ ಅಲ್ಲೇ ಬಿಟ್ಟು ಎದ್ದು ಹೋದ್ಲು. ಒಳಗೆ ಇರಬೇಕಾದವಳೇ ಇಲ್ಲ ಅಂದ್ಮೇಲೆ ತೂಕ ಎಲ್ಲಿಂದ ಬರುತ್ತೆ?’

ನಿರ್ದೇಶಕ ನೋಟ್‌ಬುಕ್ಕಿನ ಹಾಳೆ ಹರಿದುಹೋಗುವಷ್ಟು ವೇಗವಾಗಿ ಬರೆದುಕೊಳ್ಳುತ್ತಿದ್ದ. ಇಸ್ತ್ರಿಯಕ್ಕ ಅತ್ತೆಯ ಬೆನ್ನನ್ನೇ ನೋಡುತ್ತಿದ್ದಳು. ಅತ್ತೆ ತಿರುಗಿ ನೋಡಲಿಲ್ಲ. ‘ಕಥೆ ಅಷ್ಟೇ’ ಎಂದು ಗೋಡೆಗೆ ಹೇಳಿದರು.

ದೆವ್ವವಾದ ಅತ್ತೆಯನ್ನು ನೋಡಲು ಊರೇ ಮಂಡಿಗೆ ಬಂತು. ಹಾಡಹಗಲಲ್ಲೇ ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿದು ಕತ್ತಲೆ ಮಾಡಿದ್ದರು. ಅತ್ತೆ ಏಣಿ ಹತ್ತಿ ಅಟ್ಟಕ್ಕೆ ಹೋದರು. ‘ಇನ್ನೊಂದು ಸಲ ಹತ್ತಬೇಕಮ್ಮ’ ಎಂದರೆ ಇನ್ನೊಂದು ಸಲ ಹತ್ತಿದರು. ಒಂದು ಸಲ ಯಾರೂ ಹೇಳದಿದ್ದರೂ ಹತ್ತಿದರು. ಶಬ್ದದವನು ಅರಳೆ ತುರುಕಿಕೊಂಡ ಕಿವಿಯ ಮೇಲೆ ಹೆಡ್‌ಫೋನ್ ಹಾಕಿಕೊಂಡು ಹಲ್ಲು ಕಚ್ಚಿ ಕೂತಿದ್ದ. ಕೊನೆಯ ದೃಶ್ಯಕ್ಕೆ ಇಸ್ತ್ರಿಯಕ್ಕ ಒಂದು ದಿನದ ಮಟ್ಟಿಗೆ ಮತ್ತೆ ಹೆಣವಾಗಿ ಹಲಗೆಯ ಮೇಲೆ ಮಲಗಿದಳು. ದೆವ್ವ ಹೆಣದ ಬಳಿಗೆ ಬಂದು, ‘ಬಾ ಮಗಳೇ, ನಿನ್ನನ್ನು ಕರೆದೊಯ್ಯಲು ಬಂದಿದ್ದೇನೆ’ ಎನ್ನಬೇಕು. ಅಷ್ಟೇ ಮಾತು.

ಕ್ಯಾಮೆರಾ ಓಡತೊಡಗಿತು. ಅತ್ತೆಯ ಹೆಜ್ಜೆ ಹತ್ತಿರ ಬಂದು ನಿಂತದ್ದು ಇಸ್ತ್ರಿಯಕ್ಕನಿಗೆ ಗೊತ್ತಾಯಿತು. ಮಾತು ಬರಲಿಲ್ಲ. ಮರೆತಿರಬೇಕು ಎಂದುಕೊಂಡು ಉಸಿರಿನಲ್ಲಿ ಹೇಳಿಕೊಟ್ಟಳು: ‘ಬಾ ಮಗಳೇ...’

‘ಗೊತ್ತು ಕಣೇ, ಸುಮ್ನಿರು’ ಎಂದಿತು ದೆವ್ವ.

ಆಮೇಲೆ ಅತ್ತೆ, ಬರೆದುಕೊಟ್ಟದ್ದರಲ್ಲಿ ಎಲ್ಲೂ ಇಲ್ಲದ ಒಂದು ಮೆತ್ತನೆಯ ದನಿಯಲ್ಲಿ, ‘ನೀನು ಮಲಗಿದ್ದನ್ನ ನಾನು ನೋಡೇ ಇರ್ಲಿಲ್ಲ ನೋಡು, ಇಷ್ಟು ವರ್ಷ. ಮಲ್ಕೋ. ನಿನ್ನ ಎಬ್ಬಿಸೋಕೆ ಬಂದಿಲ್ಲ. ನನಗೇನೂ ಬೇಡ’ ಎಂದರು.

ಇಸ್ತ್ರಿಯಕ್ಕನ ಮುಚ್ಚಿದ ರೆಪ್ಪೆಯ ಒಳಗೆ ಬಿಸಿಯಾಯಿತು. ಈ ಹೊತ್ತಿನಲ್ಲಿ ಹೆಣ ಅತ್ತರೆ ಗತಿಯೇನು ಎಂದು ಅವಳು ಉಸಿರು ಬಿಗಿಹಿಡಿದಳು. ದೆವ್ವ ಎರಡು ಹೆಜ್ಜೆ ಹೋಗಿ ನಿಂತಿತು.

‘ಆ ಕಿಟಕಿ ಒಂದು ಹಾಕ್ಬಿಟ್ಟು ಮಲ್ಕೋ.’

ನೊಣಕ್ಕೆ ಜಗ್ಗದವಳು, ಸುಡುಬಿಸಿಲಿಗೆ ಅಲುಗದವಳು, ಆ ಮಾತಿಗೆ ಸೋತಳು. ಮೊದಲು ನಗುವಿಗೆ ಹೊಟ್ಟೆ ಕುಣಿಯಿತು, ಆಮೇಲೆ ಭುಜ. ಆಮೇಲೆ ಹಲಗೆಯೇ ಗಡಗಡ ಎಂದಿತು. ಬಾಯಿ ಮಾತ್ರ ಬಿಡಲಿಲ್ಲ. ಅವಳ ಮಟ್ಟಿಗೆ ಅದು ಕೆಲಸದ ಮರ್ಯಾದೆಯ ಪ್ರಶ್ನೆ. ನಿರ್ದೇಶಕ ‘ಕಟ್’ ಎನ್ನುವುದನ್ನೇ ಮರೆತ. ಶಬ್ದದವನು ಬಾಗಿಲ ಕಡೆ ಓಡಿದ. ಅಲ್ಲಿ ಜನ ತುಂಬಿದ್ದರಿಂದ ಸಿಕ್ಕಿಕೊಂಡ.

ಟಿವಿಯಲ್ಲಿ ಅದನ್ನು ನೋಡಿದವರೆಲ್ಲ, ಹೆಣ ತುಟಿ ಬಿಗಿದುಕೊಂಡು ನಡುಗುವ ಆ ದೃಶ್ಯದಷ್ಟು ಭಯಂಕರವಾದದ್ದನ್ನು ಜನ್ಮದಲ್ಲೇ ಕಂಡಿಲ್ಲ ಎಂದರು. ಮೂರು ಮಕ್ಕಳಿಗೆ ಜ್ವರ ಬಂತಂತೆ. ಗಂಡನ ಮೇಲಿದ್ದ ಸಂಶಯ ತೊಲಗಿತು; ಅವನಿಗೆ ಅದರಿಂದ ಸ್ವಲ್ಪ ಬೇಸರವೇ ಆದಂತಿತ್ತು, ಯಾಕೆಂದರೆ ಕಿಂಡಿಯಲ್ಲಿ ಈಗ ಯಾರೂ ನಿಂತು ಮಾತಾಡಿಸುತ್ತಿರಲಿಲ್ಲ.

ಅತ್ತೆಗೆ ಮನೆ ಹಿಡಿಸದಾಯಿತು. ಬೆಳಿಗ್ಗೆ ಎದ್ದು ಮಾರುಕಟ್ಟೆ ಬೀದಿಯುದ್ದಕ್ಕೂ ನಡೆದು, ಎದುರಾದ ಮಕ್ಕಳನ್ನು ನಿಂತು ದಿಟ್ಟಿಸಿ ನೋಡಿ, ಅವು ಕಿರುಚಿಕೊಂಡು ಓಡಿದ ಮೇಲೆ ತೃಪ್ತಿಯಿಂದ ಮುಂದೆ ಹೋಗುತ್ತಿದ್ದರು. ಅಷ್ಟರಲ್ಲಿ ಬೇರೊಂದು ಸೀರಿಯಲ್ಲಿನವರು, ಬೇರೊಂದು ಊರಿನಲ್ಲಿ, ಹತ್ತು ದಿನದ ದೆವ್ವದ ಕೆಲಸಕ್ಕೆ ಕರೆದರು. ಅತ್ತೆ ಒಂದು ಚೀಲ ಸಿದ್ಧ ಮಾಡಿಕೊಂಡು ಹತ್ತು ಗಂಟೆಯ ಬಸ್ಸಿಗೆ ಹೊರಟರು. ಮಗ ಮೈಕಿನಲ್ಲಿ ಬಸ್ಸಿನ ನಂಬರು ಹೇಳಿ, ತಡೆದು, ‘ಅಮ್ಮಾ, ಜೋಪಾನ’ ಎಂದ. ಬಸ್ಸಿನಲ್ಲಿದ್ದ ಅಮ್ಮಂದಿರೆಲ್ಲ ಕಿಟಕಿಯಿಂದ ಕೈಬೀಸಿದರು.

ಮರುದಿನ ಅಂಗಡಿಗೆ ರಜೆ. ಇಸ್ತ್ರಿಯಕ್ಕ ಊಟ ಮುಗಿಸಿ ಮನೆಯಲ್ಲಿ ಮಲಗಿದಳು. ನಿದ್ದೆ ಬರಲಿಲ್ಲ. ಯಾರೂ ಕರೆಯದ ಮನೆ ಕಿವಿಗೆ ಗುಂಯ್ ಎನ್ನುತ್ತಿತ್ತು. ಎದ್ದು ಕಿಟಕಿ ತೆಗೆದಳು, ಹಾಕಿದಳು, ಟಿವಿಯ ಧೂಳು ಒರೆಸಿದಳು. ಎರಡನೇ ದಿನ ಅಂಗಡಿಯಿಂದ ಮಧ್ಯಾಹ್ನವೇ ಬಂದು, ಅತ್ತೆಯ ಕುರ್ಚಿಯಲ್ಲಿ ಕೂತು ಕಾಲು ಚಾಚಿ ನೋಡಿದಳು. ಆ ಕುರ್ಚಿಯಲ್ಲಿ ಹತ್ತು ವರ್ಷ ಯಾಕೆ ಕೂರಬಹುದೆಂದು ಗೊತ್ತಾಗುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತ್ತು.

ಸಂಜೆ ಗಂಡ ಬಂದಾಗ ಮನೆಯಲ್ಲಿ ಸದ್ದಿಲ್ಲ. ಹೆಂಡತಿ ಕುರ್ಚಿಯಲ್ಲಿ ತಲೆ ವಾಲಿಸಿಕೊಂಡು, ತೊಳೆದಿಟ್ಟಂಥ ಮುಖ ಹೊತ್ತು ಮಲಗಿದ್ದಳು. ಅವನು ಎರಡು ಸಲ ಮೆಲ್ಲಗೆ ಕರೆದ. ಏಳಲಿಲ್ಲ. ಎದೆ ಧಸಕ್ಕೆಂದು, ಹತ್ತಿರ ಬಂದು, ಬೆರಳನ್ನು ಅವಳ ಮೂಗಿನ ಕೆಳಗೆ ಹಿಡಿದ.

ಇಸ್ತ್ರಿಯಕ್ಕ ಒಂದೇ ಒಂದು ಕಣ್ಣು ತೆರೆದಳು.

‘ಇದೀನಿ. ಹೋಗಿ ಅಡುಗೆಗೆ ಇಡಿ’ ಎಂದು ಹೇಳಿ ಮತ್ತೆ ಮುಚ್ಚಿಕೊಂಡಳು.